ನುಡಿಗೆ ಒಂದು ಚಿತ್ರ ಬೇಕಿತ್ತು

ತಲ್ಲೂರು ದಾಟುವಾಗ ಫೋನಿನ ಮೇಲಿನ ನೀಲಿ ಗೆರೆ ಅರ್ಧಕ್ಕೆ ಬಂದು ನಿಂತಿತು. ಹೆಮ್ಮಾಡಿಯಲ್ಲೂ ಅಲ್ಲೇ ಇತ್ತು. ಬಸ್ಸು ಓಡುತ್ತಿತ್ತು, ಗೆರೆ ಓಡುತ್ತಿರಲಿಲ್ಲ. ‘ನಿಮ್ಮ ಆಡಿಯೋ ಕ್ಷಣಾರ್ಧದಲ್ಲಿ ವಿಡಿಯೋ, ಅದೂ ಉಚಿತವಾಗಿ’ ಎಂದು ಆ ಜಾಲತಾಣ ತನ್ನ ಹಣೆಯ ಮೇಲೆಯೇ ಬರೆದುಕೊಂಡಿತ್ತು. ಯಾರ ಕ್ಷಣ, ಯಾವ ಅರ್ಧ ಎಂದು ಕೇಳೋಣವೆಂದರೆ ಅಲ್ಲಿ ಯಾರೂ ಇಲ್ಲ. ವಾದಕ್ಕೆ ಎದುರಾಳಿ ಇಲ್ಲದಿದ್ದರೆ ನನಗೆ ಮೈ ಪರಚಿಕೊಳ್ಳುವಂತಾಗುತ್ತದೆ. ಕಿಟಕಿ ಎಳೆದೆ, ಮುಚ್ಚಿದೆ. ಬ್ಯಾಗನ್ನು ಕಾಲ ಕೆಳಗಿಟ್ಟೆ, ಮತ್ತೆ ತೊಡೆಯ ಮೇಲೆ ತಂದುಕೊಂಡೆ. ಪಕ್ಕದಲ್ಲಿದ್ದ ಹೆಂಗಸು, ‘ವಾಂತಿ ಬತ್ತಾ ಮಗಾ?’ ಎಂದು ಕೇಳಿ, ಉತ್ತರಕ್ಕೆ ಕಾಯದೆ ಸೀರೆಯ ನೆರಿಗೆಯನ್ನು ಆಚೆಗೆ ಎಳೆದುಕೊಂಡರು.

ಆ ಆಡಿಯೋ ಕಡತದಲ್ಲಿ ಇದ್ದದ್ದು ನಮ್ಮ ಮನೆತನದ ದೈವದ ನುಡಿ. ಅದನ್ನು ಮುಂಬೈಯಲ್ಲಿರುವ ದೊಡ್ಡಮ್ಮನ ಟೀವಿಗೆ ಮುಟ್ಟಿಸಬೇಕಿತ್ತು. ಮುಟ್ಟಿದರೆ ಅವಳು ಊರಿಗೆ ಬರುತ್ತಾಳೆ, ಇಲ್ಲದಿದ್ದರೆ ಇಲ್ಲ. ವಿಷಯ ಇಷ್ಟೇ.

ದೈವ, ನುಡಿ ಎಂದ ಕೂಡಲೇ ನನ್ನನ್ನು ಭಕ್ತೆಯರ ಸಾಲಿಗೆ ಸೇರಿಸಬೇಡಿ. ಕುಂದಾಪುರದಲ್ಲಿ ಓದುವಾಗ ಚರ್ಚಾಸ್ಪರ್ಧೆಯ ವೇದಿಕೆ ಹತ್ತಿದವಳು ಇನ್ನೂ ಸರಿಯಾಗಿ ಇಳಿದಿಲ್ಲ. ಈಗ ಬ್ರಹ್ಮಾವರದ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತೇನೆ, ಸಂಜೆ ಮಕ್ಕಳನ್ನು ಚರ್ಚೆಗೆ ತಯಾರು ಮಾಡುತ್ತೇನೆ. ‘ಆಧಾರ ಎಲ್ಲಿ?’ ಎಂದು ದಿನಕ್ಕೆ ಎಷ್ಟು ಸಲ ಕೇಳುತ್ತೇನೋ ನನಗೇ ಗೊತ್ತಿಲ್ಲ. ನಾವುಂದದ ಕಡಲ ಬದಿಯ ನಮ್ಮ ಮನೆಯಲ್ಲಿ ಅಮ್ಮ ಮೀನು ಮಾರಿ ಬಂದು ಬುಟ್ಟಿ ತೊಳೆಯುವಾಗ ಅದೇ ಪ್ರಶ್ನೆ ಕೇಳಿದರೆ, ಅವಳು ಬುಟ್ಟಿಯ ನೀರನ್ನು ನನ್ನ ಕಾಲ ಬುಡಕ್ಕೇ ಚೆಲ್ಲುತ್ತಾಳೆ.

ನಮ್ಮ ದೈವದ ಮನೆ ತೆಂಗಿನ ತೋಪಿನೊಳಗಿದೆ. ವರ್ಷಕ್ಕೊಮ್ಮೆ ಅಲ್ಲಿ ದರ್ಶನ. ಪಾತ್ರಿಯ ಮೈಮೇಲೆ ದೈವ ಬರುತ್ತದೆ, ಕೇಳಿದ್ದಕ್ಕೆ ಉತ್ತರ ಹೇಳುತ್ತದೆ. ಆ ಉತ್ತರವೇ ನುಡಿ. ಪದವಿಯ ದಿನಗಳಿಂದ ನಾನು ಒಳಗೆ ಹೋದವಳಲ್ಲ. ಹೊರಗೋಡೆಗೆ ಒರಗಿ ನಿಲ್ಲುತ್ತೇನೆ. ನನ್ನ ತಲೆಯ ಮೇಲೆ ಒಂದು ಫಲಕ: ‘ಒಳಗೆ ಫೋಟೋ, ವಿಡಿಯೋ ತೆಗೆಯಬಾರದು.’ ಪ್ರತಿವರ್ಷ ಓದಿ ಓದಿ ಅದರ ಲೋಪವೂ ನನಗೆ ಬಾಯಿಪಾಠವಾಗಿತ್ತು. ಶಬ್ದದ ಬಗ್ಗೆ ಅದು ಏನೂ ಹೇಳುವುದಿಲ್ಲ.

ಈ ಸಲ ಅಮ್ಮ ದೈವದ ಮುಂದೆ ನಿಂತು ಕೇಳಿದ್ದು ಅವಳ ಅಕ್ಕನ ವಿಷಯ.

ದೊಡ್ಡಮ್ಮ ಸಣ್ಣ ಪ್ರಾಯದಲ್ಲಿ ಮುಂಬೈಗೆ ಹೋದವಳು. ಅಲ್ಲಿ ಬೇರೆ ಜಾತಿಯ, ಬೇರೆ ಭಾಷೆಯ ಗಂಡಸನ್ನು ಮದುವೆಯಾದಳು. ಮನೆಯಲ್ಲಿ ಯಾರೂ ಬೈಯಲಿಲ್ಲ, ಯಾರೂ ಕೂಗಾಡಲಿಲ್ಲ. ನಮ್ಮಲ್ಲಿ ಬಹಿಷ್ಕಾರ ಎಂಬ ಮಾತನ್ನು ಬಾಯಿಬಿಟ್ಟು ಹೇಳುವ ಪದ್ಧತಿ ಇಲ್ಲ. ಪ್ರಸಾದ ಹಂಚುವ ಕೈ ಒಬ್ಬರನ್ನು ದಾಟಿ ಮುಂದಿನವರ ಹತ್ತಿರ ಹೋಗುತ್ತದೆ, ಅಷ್ಟೇ. ಆಮೇಲೆ ಒಂದು ವರ್ಷ ಯಾರೋ ಅವಳಿಗೆ ಹೇಳಿ ಕಳಿಸಿದರಂತೆ, ‘ಎಲ್ಲ ಒಪ್ಪಿದ್ರ್, ದರ್ಶನಕ್ ಬಾ’ ಎಂದು. ಅವಳು ದೈವಕ್ಕೆಂದು ಸೀರೆ ತೆಗೆದುಕೊಂಡು ಬಂದಳು. ಬಾಗಿಲಲ್ಲಿ ಯಾರೂ ‘ಬಾ’ ಅನ್ನಲಿಲ್ಲ, ‘ಹೋಗು’ ಅಂತಲೂ ಅನ್ನಲಿಲ್ಲ. ದರ್ಶನ ಮುಗಿಯುವ ತನಕ ಬಿಸಿಲಲ್ಲಿ ನಿಂತು, ಮಡಿಕೆ ಬಿಚ್ಚದ ಸೀರೆಯನ್ನು ಹಾಗೇ ಹಿಡಿದುಕೊಂಡು ಹೊರಟುಹೋದಳು. ನಾನು ಆಗ ಹುಟ್ಟಿರಲಿಲ್ಲ. ಅಮ್ಮ ಇದನ್ನು ಹೇಳುವಾಗ ಪ್ರತಿಸಲವೂ ಸೀರೆಯ ಬಣ್ಣ ಬದಲಾಗುತ್ತದೆ. ಮಡಿಕೆ ಬಿಚ್ಚಲಿಲ್ಲ ಎಂಬುದು ಮಾತ್ರ ಬದಲಾಗುವುದಿಲ್ಲ.

ದರ್ಶನಕ್ಕೆ ಮೊದಲು ಅಮ್ಮ ಗುರಿಕಾರರ ಹತ್ತಿರ ಹೋಗಿ ನುಡಿಯನ್ನು ಫೋನಿನಲ್ಲಿ ಹಿಡಿಯಲು ಅಪ್ಪಣೆ ಕೇಳಿದ್ದಳು. ಗುರಿಕಾರರೆಂದರೆ ನಮ್ಮ ಮೀನುಗಾರ ಮನೆಗಳ ಹಿರಿಯ ತಲೆ. ದೈವದ ಮನೆಯ ಕಟ್ಟುಕಟ್ಟಲೆಯ ಬಗ್ಗೆ ಕೊನೆಯ ಮಾತು ಅವರದು. ಯೌವನವೆಲ್ಲ ದೋಣಿಯಲ್ಲಿ ಕಳೆದವರಾದ್ದರಿಂದ ಮನೆಯೊಳಗೂ ಕಡಲಿಗೆ ಕೂಗುವ ದನಿಯಲ್ಲೇ ಮಾತಾಡುತ್ತಾರೆ. ಪ್ರತಿವರ್ಷ ದರ್ಶನ ಮುಗಿದ ಮೇಲೆ ದೈವ ಹೀಗೆ ಹೇಳಿತು, ಹಾಗಲ್ಲ ಹೀಗೆ ಎಂದು ನಡೆಯುವ ಜಗಳ ಬಿಡಿಸಿ ಅವರಿಗೂ ಸಾಕಾಗಿತ್ತು.

‘ಶಬ್ದ ಹಿಡ್ಕ. ಚಿತ್ರ ಬ್ಯಾಡ’ ಎಂದಿದ್ದರು.

ಹಾಗಾಗಿ ನಾನು ಹೊರಗೆ ಗುಂಡಿ ಒತ್ತಿ ಫೋನನ್ನು ಅಮ್ಮನ ಕೈಗೆ ಕೊಟ್ಟೆ. ಅವಳು ಸೆರಗಿನ ಮಡಿಕೆಯೊಳಗೆ ಇಟ್ಟುಕೊಂಡು ಒಳಗೆ ಹೋದಳು. ಧ್ವನಿಮುದ್ರಣದಲ್ಲಿ ಮೊದಲು ಕೇಳುವುದು ಸೀರೆಯ ಸರಭರ, ಆಮೇಲೆ ಜಾಗಟೆ, ಯಾರದೋ ಕೆಮ್ಮು. ಆಮೇಲೆ ಪಾತ್ರಿಯ ಸ್ವರ, ‘ನನ್ನ ಬಳಿಯ ಹೆಣ್ಣುಮಗಳು ಹೊರಗೆ ನಿಂತಿದ್ದಾಳೆ. ಅವಳನ್ನು ಬಿಸಿಲಿಗೆ ನಿಲ್ಲಿಸಿದ್ದು ಯಾರು? ನಾನಲ್ಲ. ಬರಲಿ, ನನ್ನ ಬಾಗಿಲು ದಾಟಲಿ.’ ಬಳಿ ಎಂದರೆ ತಾಯಿಯ ಕಡೆಯಿಂದ ಬರುವ ಕುಲ. ಮದುವೆಯಾದರೂ ಅದು ಅಳಿಯುವುದಿಲ್ಲ ಎಂಬುದು ದೈವದ ವಾದ. ಗಟ್ಟಿಯಾದ ವಾದವೇ, ಒಪ್ಪಬೇಕು.

‘ನೀನ್ ಪಾತ್ರಿ ಹತ್ರ ಮೊದ್ಲೇ ಹೇಳಿಟ್ಟಿದ್ಯಾ?’ ಎಂದು ಅಮ್ಮನನ್ನು ಕೇಳಿದೆ. ಪಾತ್ರಿ ಉಳಿದ ದಿನಗಳಲ್ಲಿ ಬಲೆ ನೇಯುವ ಮನುಷ್ಯ, ಅಮ್ಮನ ಹತ್ತಿರವೇ ಮೀನು ಕೊಳ್ಳುವವರು.

‘ನಿಂಗ್ ನುಡಿ ಬೇಕಾ, ನ್ಯಾಯ ಬೇಕಾ?’ ಎಂದಳು ಅಮ್ಮ. ಹೀಗೆ ಪ್ರಶ್ನೆಗೆ ಪ್ರಶ್ನೆಯನ್ನೇ ಉತ್ತರವಾಗಿ ಕೊಡುವುದನ್ನು ನಾನು ಮಕ್ಕಳಿಗೆ ಬೇಡವೆಂದು ಕಲಿಸುತ್ತೇನೆ.

ಸುದ್ದಿಯನ್ನು ದೊಡ್ಡಮ್ಮನಿಗೆ ಮುಟ್ಟಿಸಿದ್ದು ಮುಂಬೈಯ ಒಬ್ಬ ನೆಂಟರ ಮೂಲಕ. ನುಡಿಯನ್ನು ತನ್ನ ಕಿವಿಯಿಂದಲೇ ಕೇಳಬೇಕು, ಕೇಳಿದರೆ ಬರುತ್ತೇನೆ ಎಂದು ಅವಳು ಒಂದೇ ಷರತ್ತು ಹಾಕಿದಳು. ಅವಳ ಮಾತು ಫೋನಿನಲ್ಲಿ ಧ್ವನಿಸಂದೇಶವಾಗಿ ಬಂತು: ‘ಅರೆ, ಅವ್ರ್ ಹೇಳ್ದ್ರ್, ಇವ್ರ್ ಹೇಳ್ದ್ರ್ ಅಂದ್ ಒಂದ್ಸಲ ಬಂದಾಯ್ತಲ್ಲ. ಪಾತ್ರಿ ಬಾಯಿಂದ್ಲೇ ಕೇಣ್ಕ್. ಕೇಂಡ್ರೆ ಬತ್ತೆ.’

ಆದರೆ ಅವಳಿಗೆ ಕಿವಿ ಮಂದ. ಕಿವಿಗೆ ಹಾಕುವ ಯಂತ್ರ ಸಿಳ್ಳೆ ಹೊಡೆಯುತ್ತದೆಂದು ಕಪಾಟಿನಲ್ಲಿ ಇಟ್ಟಿದ್ದಾಳೆ. ಫೋನಿನಲ್ಲಿ ಅವಳು ಹೇಳುತ್ತಾಳೆ, ನಾವು ಕೇಳಬೇಕು. ಓದಲೂ ಬರುವುದಿಲ್ಲ, ಅಕ್ಷರ ಕಲಿಯುವ ವಯಸ್ಸಿನಲ್ಲಿ ಅವಳು ಮೀನಿನ ಬುಟ್ಟಿ ಹೊತ್ತಿದ್ದಳು. ಅವಳ ಕಿವಿಗೆ ಬೀಳುವುದು ಒಂದೇ, ಪೂರ್ತಿ ಸ್ವರ ಏರಿಸಿದ ಟೀವಿ. ಆ ಟೀವಿಯಲ್ಲಿ ಅವಳು ನನ್ನ ಚಾನೆಲ್ ನೋಡುತ್ತಾಳೆ. ಕಾಲೇಜಿನ ಕಾಲದಲ್ಲಿ ನನ್ನ ಭಾಷಣಗಳನ್ನು ಹಾಕಲು ತೆರೆದ ವಿಡಿಯೋ ಚಾನೆಲ್ ಅದು, ತಪ್ಪದೆ ನೋಡುವವಳು ದೊಡ್ಡಮ್ಮ ಒಬ್ಬಳೇ. ‘ನೀ ಗೆದ್ದದ್ದ್ ಗೊತ್ತಾತ್ ಮಗಾ. ಎಂತ ಹೇಳ್ದೆ ಅಂತ ಗೊತ್ತಾಯಿಲ್ಲ’ ಎಂದು ಹಿಂದೊಮ್ಮೆ ಹೇಳಿದ್ದಳು. ನಾನು ಅಷ್ಟು ವೇಗವಾಗಿ ಮಾತಾಡುತ್ತೇನಂತೆ.

ಚಾನೆಲ್ಲಿಗೆ ಬರೀ ಶಬ್ದ ಹಾಕಿದರೆ ಅದು ತೆಗೆದುಕೊಳ್ಳುವುದಿಲ್ಲ, ವಿಡಿಯೋ ಆಗಿರಬೇಕು. ಶಬ್ದವನ್ನು ವಿಡಿಯೋ ಮಾಡಿಕೊಡುವ ಜಾಲತಾಣಗಳಿಗೆ ಒಂದು ಚಿತ್ರ ಬೇಕು. ನುಡಿಗೆ ಯಾವ ಚಿತ್ರ?

ಇದರ ಮೇಲೆ ನಾನೂ ಅಮ್ಮನೂ ಇಡೀ ಒಂದು ಸಂಜೆ ವಾದ ಮಾಡಿದೆವು. ದೈವದ ಮನೆಯನ್ನು ಹೊರಗಿನಿಂದ ತೆಗೆದ ಫೋಟೋ ಇದೆ ಎಂದೆ. ‘ಚಿತ್ರ ಬ್ಯಾಡ ಅಂದಿದ್ರ್ ಅಲ್ದಾ’ ಎಂದಳು. ಹಾಗಾದರೆ ಕಡಲು. ‘ಕಡಲ್ ಎಂತಕೆ? ಕಡಲ್ ಮಾತಾಡ್ತಾ?’ ಕೊನೆಗೆ ಗೋಡೆಯ ಮೇಲಿದ್ದ ಅಜ್ಜಿಯ ಫೋಟೋ ತೋರಿಸಿದೆ, ಅಮ್ಮನಿಗೂ ದೊಡ್ಡಮ್ಮನಿಗೂ ತಾಯಿ. ಅಮ್ಮ ಮುಖ ತಿರುಗಿಸಿ ಅನ್ನಕ್ಕೆ ನೀರಿಡಲು ಹೋದಳು. ಪ್ರಸಾದ ಹಂಚುವಾಗ ದೊಡ್ಡಮ್ಮನನ್ನು ದಾಟಿ ಹೋದ ಮೊದಲ ಕೈ ಯಾರದೆಂದು ನಾನು ಆವರೆಗೆ ಕೇಳಿರಲಿಲ್ಲ, ಆಮೇಲೂ ಕೇಳಲಿಲ್ಲ.

ಹಾಗಾಗಿ ಬಸ್ಸಿನಲ್ಲಿ ಜಾಲತಾಣ ‘ಚಿತ್ರ ಆರಿಸಿ’ ಎಂದಾಗ ನಾನು ಏನೂ ಆರಿಸದೆ ಮುಂದಕ್ಕೆ ಒತ್ತಿದೆ. ಅದು ತನಗೆ ತೋಚಿದ್ದನ್ನು ಹಾಕಿಕೊಂಡಿತು. ನೀಲಿ ಗೆರೆ ಕೊನೆಗೂ ತುದಿ ಮುಟ್ಟಿದ್ದು ಮರವಂತೆಯಲ್ಲಿ, ಒಂದು ಕಡೆ ಹೊಳೆ, ಇನ್ನೊಂದು ಕಡೆ ಕಡಲು ಇರುವಾಗ. ತೆರೆದು ನೋಡಿದೆ. ಕಪ್ಪು ಹಿನ್ನೆಲೆ, ನಡುವೆ ಕಿತ್ತಳೆ ಬಣ್ಣದ ಗೆರೆಗಳು. ಸ್ವರ ಏರಿದರೆ ಗೆರೆ ಏರುತ್ತದೆ, ಇಳಿದರೆ ಇಳಿಯುತ್ತದೆ, ಅಂಚುಗಳು ಸ್ವಲ್ಪ ಮಸುಕು. ಬಿಟ್ಟಿ ಸಿಗುವ ಅಗ್ಗದ ಅಲಂಕಾರ. ಯಾರ ಮುಖವೂ ಇಲ್ಲವಲ್ಲ ಎಂದು ನನಗೆ ಸಮಾಧಾನವಾಯಿತು. ‘ದೊಡ್ಡಮ್ಮನಿಗೆ’ ಎಂದು ಹೆಸರಿಟ್ಟು ಚಾನೆಲ್ಲಿಗೆ ಹಾಕಿದೆ. ಎಲ್ಲರಿಗೂ ಕಾಣುವಂತೆ ಹಾಕದಿದ್ದರೆ ಅವಳ ಟೀವಿಯಲ್ಲಿ ಬರುತ್ತಿರಲಿಲ್ಲ, ಹಾಗಾಗಿ ಎಲ್ಲರಿಗೂ ಕಾಣುವಂತೆ ಹಾಕಿದೆ.

ಮರುದಿನ ದೊಡ್ಡಮ್ಮನ ಧ್ವನಿ ಬಂತು. ಮಾತಿನ ನಡುವೆ ಉಸಿರೇ ಜಾಸ್ತಿ.

‘ಕೇಂಡೆ ಮಗಾ. ಕೇಂಡದ್ದಲ್ಲ, ಕಂಡೆ. ಕತ್ತಲಿ, ನಡೂಕೆ ಬೆಂಕಿ. ಪಾತ್ರಿ ಸ್ವರ ಎತ್ತೂಕೂ ಬೆಂಕಿ ಎದ್ದ್ ನಿಲ್ಲೂಕೂ ಸಮ. ನನ್ ಮಾತ್ ಬಂದಲ್ಲಿ ಟೀವಿ ತುಂಬ ಬೆಂಕಿ. ಕೈ ಹತ್ರ ತಕಂಡ್ ಹೋದ್ರೆ ಬಿಸಿ, ಬಿಸಿ ಮಾರಾಯ್ತಿ. ಬತ್ತೆ ನಾನ್. ಟಿಕೆಟ್ ಮಾಡೂಕೆ ಹೇಳಿದೆ.’

ಹಳೆಯ ಟೀವಿ ಬಿಸಿಯಾಗಿಯೇ ಆಗುತ್ತದೆ. ಕಿತ್ತಳೆ ಗೆರೆ ಮುಂಬೈಯ ಆ ಕೋಣೆಯಲ್ಲಿ ಬೆಂಕಿಯಾದದ್ದು ಹೇಗೆಂದೂ ನನಗೆ ಅರ್ಥವಾಯಿತು. ದರ್ಶನದ ಕತ್ತಲೆ ಕೋಣೆ, ಅಲ್ಲಿ ಉರಿಯುವ ದೀವಟಿಗೆ, ಇವೆರಡನ್ನೂ ಬಾಲ್ಯದಲ್ಲಿ ನೋಡಿದ್ದವಳ ಕಣ್ಣು ಉಳಿದದ್ದನ್ನು ತಾನೇ ತುಂಬಿಕೊಂಡಿತ್ತು. ಹೇಳಬೇಕೆಂದು ಬಾಯಿ ತುರಿಸಿತು.

‘ಸುಮ್ನಿರ್’ ಎಂದಳು ಅಮ್ಮ. ‘ಬರ್ಲಿ. ಬಂದ್ಮೇಲ್ ಕಾಂಬ.’

ಆದರೆ ದೊಡ್ಡಮ್ಮ ಸುಮ್ಮನಿರಲಿಲ್ಲ. ಅವಳು ನೆಂಟರನ್ನೆಲ್ಲ ಮನೆಗೆ ಕರೆದು ತೋರಿಸಿದಳು. ಅವರು ತಮ್ಮ ತಮ್ಮ ಗ್ರೂಪುಗಳಿಗೆ ಹಾಕಿದರು. ನಾನು ಅತ್ತ ಕಳಿಸಿದ ನುಡಿ ಇತ್ತ ನಾವುಂದಕ್ಕೆ ಬಂದದ್ದು ಬೇರೆಯೇ ಹೆಸರಿನಲ್ಲಿ, ‘ದರ್ಶನದ ವಿಡಿಯೋ’ ಎಂದು. ಅರ್ಧ ಜನ ಫೋನನ್ನು ಕಣ್ಣಿಗೆ ಒತ್ತಿಕೊಂಡರು. ಉಳಿದರ್ಧಕ್ಕೆ ಸಿಟ್ಟು. ಮೀನು ಮಾರ್ಕೆಟ್ಟಿನಲ್ಲಿ ಒಬ್ಬರು ಅಮ್ಮನಿಗೆ, ‘ದೈವವನ್ನೇ ಫೋನಗೆ ಹಿಡ್ದ್ ಹಾಕಿದ್ರಿ ಅಂಬ್ರಲೆ. ಇನ್ನ್ ಎಂತ ಹಿಡೂಕ್ ಬಾಕಿ ಇತ್ತ್?’ ಎಂದು ಕೇಳಿದರಂತೆ. ಅಮ್ಮ ಆ ದಿನ ಬುಟ್ಟಿಯನ್ನು ಅರ್ಧದಲ್ಲೇ ಮುಚ್ಚಿ ಬಂದಳು.

ಗುರಿಕಾರರಿಂದ ಕರೆ ಬಂತು. ಭಾನುವಾರ ಬೆಳಿಗ್ಗೆ ದೈವದ ಮನೆಯ ಅಂಗಳಕ್ಕೆ ಬರಬೇಕು.

ಶನಿವಾರವೆಲ್ಲ ನಾನು ತಯಾರಿ ನಡೆಸಿದೆ. ಮನೆಯ ಉದ್ದಕ್ಕೆ ನಡೆದಾಡುತ್ತ, ವಿಡಿಯೋ ಎಂದರೇನು ಎಂಬ ವ್ಯಾಖ್ಯೆಯಿಂದ ಶುರುಮಾಡಿ, ಫಲಕದ ಶಬ್ದಗಳಿಗೆ ಬಂದು, ಗುರಿಕಾರರ ಅಪ್ಪಣೆಗೆ ಮುಟ್ಟಿಸಿ. ‘ಒಂದ್ ಕಡೆ ಕೂಕ’ ಎಂದು ಅಮ್ಮ ಗದರಿದಳು. ಕೂತರೆ ವಾದ ನಿಂತುಹೋಗುತ್ತಿತ್ತು.

ಅಂಗಳದಲ್ಲಿ ಗುರಿಕಾರರು ಬೆಂಚಿನ ಮೇಲೆ ಕೂತಿದ್ದರು. ಸುತ್ತ ನಾಲ್ಕಾರು ಮನೆಯ ಹಿರಿಯರು, ಹೆಂಗಸರು. ಗುರಿಕಾರರ ಮೊದಲ ಮಾತಿಗೇ ನನ್ನ ವ್ಯಾಖ್ಯೆ ಬಿದ್ದುಹೋಯಿತು.

‘ಶಬ್ದ ಹಿಡಿ ಅಂದದ್ದ್ ನಾನೇ. ಬೆಂಕಿ ಹಿಡಿ ಅಂದಿದ್ನಾ?’

‘ಅಜ್ಜಯ್ಯ, ಅದ್ ಬೆಂಕಿ ಅಲ್ಲ. ಯಂತ್ರ ಬರ್ದದ್ದ್. ಸ್ವರ ಹೆಚ್ಚಾದ್ರೆ ಗೆರೆ ಹೆಚ್ಚಾತ್ತ್.’

‘ಯಂತ್ರಕ್ ನಮ್ ದೈವ ಎಲ್ಲಿ ಸ್ವರ ಎತ್ತತ್ತ್ ಅಂದ್ ಹ್ಯಾಂಗ್ ಗೊತ್ತ್?’

‘ದೈವ ಅಂತ ಗೊತ್ತಿಲ್ಲ. ಸ್ವರ ಅಂತಷ್ಟೇ ಗೊತ್ತ್.’

‘ವಿಡಿಯೋ ಅಂದ್ ಅಡೀಲಿ ಬರ್ದಿತ್ತಲೆ’ ಎಂದು ಹಿಂದಿನಿಂದ ಒಬ್ಬರು ಹೇಳಿದರು. ಬರೆದಿತ್ತು, ನಿಜ. ಕಡತದ ಜಾತಿ ವಿಡಿಯೋ, ಹೊಟ್ಟೆಯೊಳಗೆ ಇರುವುದು ಶಬ್ದ. ಇದನ್ನು ನಾನು ಮೂರು ಥರ ವಿವರಿಸಿದೆ. ಮೂರನೆಯದು ಬಹಳ ಚೆನ್ನಾಗಿತ್ತು. ಬ್ರಹ್ಮಾವರದಲ್ಲಿ ಆಗಿದ್ದರೆ ಚಪ್ಪಾಳೆ ಬೀಳುತ್ತಿತ್ತು. ಇಲ್ಲಿ ಒಬ್ಬ ಅಜ್ಜಿ ಆಕಳಿಸಿದರು.

ಗುರಿಕಾರರು ಕೈಯೆತ್ತಿದರು. ‘ಕಟ್ಟ್ ಮುರ್ದಲ್ಲಿ ಆದ ನುಡಿ ನಿಲ್ಲುದಿಲ್ಲ. ತಪ್ಪ್ ಕಾಣಿಕೆ ಹಾಕಿ, ಬಪ್ಪ ವರ್ಷ ಮತ್ತೆ ಕೇಣ್ಕ್.’

ಅಮ್ಮ ಕೂತಲ್ಲೇ ನೆಲ ನೋಡಿದಳು. ಬರುವ ವರ್ಷ ದೈವ ಏನು ಹೇಳುತ್ತದೋ, ದೊಡ್ಡಮ್ಮನ ಕಾಲು ಬಾಗಿಲು ದಾಟುವಷ್ಟು ಗಟ್ಟಿ ಇರುತ್ತದೋ. ಟಿಕೆಟ್ ಮಾಡಿಸುತ್ತಿರುವವಳಿಗೆ ಮತ್ತೊಮ್ಮೆ ‘ಯಾರೋ ಹೇಳಿದ್ದು ಸುಳ್ಳು’ ಎಂದಾಗುತ್ತದೆ. ಇಲ್ಲಿ ನನ್ನ ಸ್ಥಿತಿ ನೋಡಿ. ದೈವ ಮಾತಾಡುತ್ತದೆ ಎಂದು ನಂಬದವಳು, ದೈವ ಆಡಿದ ಮಾತು ನಿಲ್ಲಬೇಕೆಂದು ಹಟ ಹಿಡಿದು ನಿಂತಿದ್ದೆ. ಎದುರಿನವರು ಕೇಳಬೇಕಾಗಿದ್ದ ಪ್ರಶ್ನೆಯನ್ನೂ ಕೇಳಿರಲಿಲ್ಲ: ಊರಿಗೆಲ್ಲ ಕೇಳುವಂತೆ ಹಾಕಿದ್ದು ಯಾಕೆ? ಅದಕ್ಕೆ ನನ್ನ ಹತ್ತಿರ ಒಳ್ಳೆಯ ಉತ್ತರ ಇರಲಿಲ್ಲ. ಅದು ಅವರಿಗೆ ಹೊಳೆಯುವ ಮೊದಲು ಏನಾದರೂ ಮಾಡಬೇಕಿತ್ತು.

‘ಅಜ್ಜಯ್ಯ, ನಿಮ್ ಸ್ವರ ಕೊಡಿ’ ಎಂದೆ.

‘ಎಂತ?’

‘ನಿಮ್ ಸ್ವರವನ್ನೂ ಇದೇ ಯಂತ್ರಕ್ ಹಾಕ್ತೆ. ಬೆಂಕಿ ಬಂದ್ರೆ ಅದ್ ಯಂತ್ರದ್ದ್. ಬಾರ್ದಿದ್ರೆ ದೈವದ್ದ್. ತಪ್ಪ್ ಕಾಣಿಕೆ ನಾನ್ ಹಾಕ್ತೆ.’

ಅವರು ಅತ್ತಿತ್ತ ನೋಡಿದರು. ಆಸೆ ಆದದ್ದು ಮುಖದಲ್ಲೇ ಕಾಣುತ್ತಿತ್ತು. ‘ಎಂತ ಹೇಳುದ್?’

‘ಎಂತದೂ ಅಕ್ಕ್.’

ಅವರು ಗಂಟಲು ಸರಿಮಾಡಿ, ದೋಣಿಯಿಂದ ದೋಣಿಗೆ ಕರೆಯುವ ಹಾಗೆ, ‘ಹ್ವಾಯ್’ ಎಂದರು. ತೋಪಿನ ಕಾಗೆಗಳು ಹಾರಿದವು. ಆಮೇಲೆ ಇನ್ನೇನೂ ತೋಚದೆ, ‘ಹ್ವಾಯ್, ಬಲೆ ಬಿಡ್ತ್ರ್ಯಾ?’ ಎಂದರು. ಆಮೇಲೆ ಕೆಮ್ಮಿದರು.

ತೋಪಿನೊಳಗೆ ನೆಟ್‌ವರ್ಕ್ ಇಲ್ಲ. ಹಾಗಾಗಿ ಇಡೀ ಸಭೆ ಎದ್ದು ಹೆದ್ದಾರಿಯ ಬಸ್‌ಸ್ಟ್ಯಾಂಡಿಗೆ ನಡೆಯಿತು. ಗುರಿಕಾರರು ಮುಂದೆ, ನಾನು ಫೋನನ್ನು ತಲೆಯ ಮೇಲೆ ಎತ್ತಿಕೊಂಡು ಹಿಂದೆ. ಬೈಂದೂರಿಗೆ ಹೋಗುವ ಬಸ್ಸು ಇಷ್ಟು ಜನರನ್ನು ಕಂಡು ನಿಂತಿತು. ಯಾರೂ ಹತ್ತಲಿಲ್ಲ. ಕಂಡಕ್ಟರು ಇಣುಕಿ, ‘ಎಂತ, ಯಾರಾದ್ರೂ ಬತ್ತ್ರಾ?’ ಎಂದು ಕೇಳಿದ.

‘ಬೆಂಕಿ ಬತ್ತ್’ ಎಂದರು ಗುರಿಕಾರರು. ಬಸ್ಸು ಹೊರಟುಹೋಯಿತು.

ನೀಲಿ ಗೆರೆ ಮುಕ್ಕಾಲಿಗೆ ಬಂದು ನಿಂತಿತು. ಒಬ್ಬರು ಬೀಡಿ ಹಚ್ಚಿದರು. ನಾನು ಕಾಲು ಬದಲಿಸುತ್ತ ನಿಂತೆ. ಸಭೆಯ ಅರ್ಧ ಹೊತ್ತು ಹೀಗೆ ಒಂದು ಗೆರೆ ನೋಡುವುದರಲ್ಲೇ ಕಳೆಯಿತು. ಕೊನೆಗೆ ತೆರೆದುಕೊಂಡಿತು. ಕಪ್ಪು. ಅದೇ ಕಿತ್ತಳೆ. ‘ಹ್ವಾಯ್’ ಎಂಬಲ್ಲಿ ಪರದೆಯ ಮೇಲ್ತುದಿ ಮುಟ್ಟುವ ಉರಿ, ‘ಬಲೆ’ ಎಂಬಲ್ಲಿ ಸಣ್ಣದು, ಕೆಮ್ಮಿನಲ್ಲಿ ಮೂರು ಸಲ ಭುಗಿಲು.

ತಲೆಗಳೆಲ್ಲ ಫೋನಿನ ಮೇಲೆ ಬಾಗಿದವು. ಆಮೇಲೆ ಆಕಳಿಸಿದ್ದ ಅಜ್ಜಿಯೇ, ‘ದೈವದ್ದ್ ಇದ್ಕಿಂತ ಎತ್ರ ಇದ್ದಿತ್’ ಎಂದರು.

‘ನಂದ್ ಎತ್ರವೇ ಇತ್ತ್. ಸಮ ಕಾಣ್’ ಎಂದರು ಗುರಿಕಾರರು, ಸ್ವಲ್ಪ ಬೇಸರದಿಂದ. ಇನ್ನೊಮ್ಮೆ ಹಾಕಿಸಿ ನೋಡಿದರು. ಇನ್ನೂ ಒಮ್ಮೆ. ಫೋನನ್ನು ನನಗೆ ಕೊಡುವಾಗ ಅವರ ದನಿ ಮೊದಲ ಸಲ ತಗ್ಗಿತ್ತು.

‘ಶಬ್ದವೇ. ಕಟ್ಟ್ ಮುರೀಲಿಲ್ಲ, ನುಡಿ ನಿಂತ್ತ್.’

ಅಮ್ಮನ ಕೈ ನನ್ನ ತೋಳಿಗೆ ಬಂತು. ನಾನು ಗೆದ್ದಿದ್ದೆ. ಗೆದ್ದ ಮೇಲೆ ಬೇಗ ವೇದಿಕೆ ಇಳಿಯಬೇಕು. ನಾನು ಇಳಿಯುವ ಮೊದಲೇ ಅವರು ಮುಂದುವರಿಸಿದರು.

‘ಆದ್ರೆ ನಿನ್ ದೊಡ್ಡಮ್ಮ ಬೆಂಕಿ ಕಂಡ್ ಹೊರ್ಟದ್ದ್ ಅಂಬ್ರಲೆ. ಸುಳ್ಳ್ ಬೆಂಕಿ ಕಂಡ್ ಬಂದವ್ಳನ್ನ ನಾನ್ ಬಾಗ್ಲಲ್ಲಿ ಹ್ಯಾಂಗ್ ಕರೂದ್? ಅವ್ಳಿಗ್ ಹೇಳ್. ಹೇಳಿದ್ ಮೇಲೂ ಬಂದ್ರೆ, ನಾನೇ ಕರೀತೆ. ಮತ್ತೆ ಊರಿಗೆಲ್ಲ ಕೇಂಬಂಗ್ ಹಾಕಿದ್ದನ್ನ ತೆಗಿ.’

ಆ ಪ್ರಶ್ನೆ ಅವರಿಗೆ ಹೊಳೆದೇ ಇತ್ತು. ಕೊನೆಗೆಂದು ಇಟ್ಟುಕೊಂಡಿದ್ದರು ಅಷ್ಟೇ.

ಅಲ್ಲೇ ನಿಂತು ಆ ವಿಡಿಯೋ ತೆಗೆದೆ. ಉಳಿದ ಕೆಲಸ ಅಷ್ಟು ಸುಲಭವಿರಲಿಲ್ಲ. ಇಷ್ಟು ವರ್ಷ ಇಂಥ ಮಾತನ್ನು ನಾನು ಯಾರಿಗೆ ಬೇಕಾದರೂ ಮುಖಕ್ಕೆ ಹೇಳುತ್ತಿದ್ದೆ: ಅದು ದೈವವಲ್ಲ, ಬಿಸಿಲು, ಅದು ಮಹಿಮೆಯಲ್ಲ, ಕಾಕತಾಳೀಯ. ಹೇಳಿ ಮುಂದಕ್ಕೆ ಹೋಗುತ್ತಿದ್ದೆ. ಈಗ ಹೇಳಿದರೆ ಒಬ್ಬಳು ಟಿಕೆಟ್ ರದ್ದು ಮಾಡಬಹುದು. ಸೋಮವಾರ ಬ್ರಹ್ಮಾವರದಲ್ಲಿ ಪಾಠದ ನಡುವೆ ಎರಡು ಸಲ ವಿಷಯ ಮರೆತೆ. ಒಬ್ಬ ಹುಡುಗಿ ‘ಮೂಢನಂಬಿಕೆ ತೊಲಗಬೇಕು’ ಎಂದು ಮೇಜು ಗುದ್ದಿ ಅಭ್ಯಾಸ ಮಾಡುತ್ತಿದ್ದಳು. ‘ಯಾರ ಮನೆಯಿಂದ?’ ಎಂದು ಕೇಳಿಬಿಟ್ಟೆ. ಅವಳು ಗಲಿಬಿಲಿಗೊಂಡು ತನ್ನ ಟಿಪ್ಪಣಿ ನೋಡಿಕೊಂಡಳು.

ಫೋನಿನಲ್ಲಿ ಹೇಳಿದರೆ ದೊಡ್ಡಮ್ಮನಿಗೆ ಕೇಳುವುದಿಲ್ಲ. ನೆಂಟರ ಹತ್ತಿರ ಹೇಳಿ ಕಳಿಸಿದರೆ ಅದು ಮತ್ತೆ ‘ಅವರು ಹೇಳಿದರು’ ಆಗುತ್ತದೆ. ಹೋಗಬೇಕಾದದ್ದು ಟೀವಿಗೇ. ಕ್ಯಾಮೆರಾ ಮುಂದೆ ಕೂತು ನನ್ನ ಮುಖವನ್ನೇ ತೋರಿಸಬಹುದಿತ್ತು. ಆದರೆ ಬಸ್‌ಸ್ಟ್ಯಾಂಡಿನಲ್ಲಿ ಹಿರಿಯರನ್ನು ಒಪ್ಪಿಸಿದ್ದು ನನ್ನ ಮುಖವಲ್ಲ. ಕಾಲೇಜಿನ ಖಾಲಿ ಕೋಣೆಯಲ್ಲಿ ಕೂತು ನಿಧಾನವಾಗಿ, ನನ್ನ ವೇಗವನ್ನೆಲ್ಲ ಬಿಟ್ಟು, ಮಾತನ್ನು ಮುದ್ರಿಸಿದೆ. ಅದನ್ನು ಅದೇ ಜಾಲತಾಣಕ್ಕೆ ಹಾಕಿ, ಚಿತ್ರ ಕೇಳಿದಾಗ ಏನೂ ಆರಿಸದೆ ಮುಂದಕ್ಕೆ ಒತ್ತಿದೆ.

‘ದೊಡ್ಡಮ್ಮ, ನಾನ್. ಕಾಣಿ, ಈಗ್ಲೂ ಬೆಂಕಿ ಕುಣೀತಾ ಇತ್ತ್. ಇದ್ ನನ್ ಮಾತಿಗ್. ದೈವ ಇಲ್ಲಿಲ್ಲ, ಇದ್ ಕಾಲೇಜಿನ ಕೋಣೆ. ಯಾರ್ ಮಾತಾಡಿರೂ ಯಂತ್ರ ಹೀಂಗೇ ಬರೀತ್ತ್. ಗುರಿಕಾರ್ರ ಕೆಮ್ಮಿಗೂ ಬರ್ದಿತ್. ಅವತ್ತ್ ನೀವ್ ಕಂಡದ್ದ್ ದೈವದ ಬೆಂಕಿ ಅಲ್ಲ. ನುಡಿ ಮಾತ್ರ ಹೌದ್.’

ಕೊನೆಯ ಮಾತನ್ನು ನಾನು ಬರೆದಿಟ್ಟುಕೊಂಡಿರಲಿಲ್ಲ.

ಚಾನೆಲ್ಲಿಗೆ ಹಾಕಿದೆ. ಅಂದು ಉತ್ತರ ಬರಲಿಲ್ಲ. ಮರುದಿನವೂ ಇಲ್ಲ. ಕುಂದಾಪುರದಲ್ಲಿ ಬಸ್ಸು ಬದಲಿಸುವಾಗ ಫೋನ್ ತೆಗೆಯುತ್ತೇನೆ, ಇಡುತ್ತೇನೆ. ಮನೆಯಲ್ಲಿ ಅಮ್ಮ ನನ್ನ ಜೊತೆ ಮಾತಾಡುವುದನ್ನು ನಿಲ್ಲಿಸಿದ್ದಳು. ಜಗಳವಾಡಿ ಅಲ್ಲ, ಮೀನಿಗೆ ಉಪ್ಪು ಹಾಕುತ್ತ ಮರೆತವಳ ಹಾಗೆ. ‘ಗುರಿಕಾರ್ರೇ ಹೇಳೂಕೆ ಹೇಳಿದ್ದಲ್ದಾ?’ ಎಂದರೆ, ‘ನಾನ್ ಎಂತ ಹೇಳ್ದೆ ಈಗ?’ ಎನ್ನುತ್ತಿದ್ದಳು. ವಿಡಿಯೋವನ್ನು ಒಬ್ಬರು ನೋಡಿದ್ದಾರೆ ಎಂದು ಚಾನೆಲ್ ತೋರಿಸಿತು. ಆಮೇಲೆ ಮತ್ತೆ ನೋಡಿದರು. ಮತ್ತೆ. ಅದೇ ಒಬ್ಬರು ಎಂಬುದಕ್ಕೆ ಆಧಾರವಿಲ್ಲ, ಆದರೂ ನಾನು ನಂಬಿದೆ.

ವಾರ ಮುಗಿಯುವಾಗ ದೊಡ್ಡಮ್ಮನ ಧ್ವನಿ ಬಂತು. ‘ಈ ಸಲ ಗೊತ್ತಾತ್ ಮಗಾ, ಎಂತ ಹೇಳ್ದೆ ಅಂತ.’ ಹಿಂದೆ ಫ್ಯಾನಿನ ಸದ್ದು. ‘ಬೆಂಕಿ ಯಂತ್ರದ್ದ್. ಅಕ್ಕ್. ಸ್ವರ ಪಾತ್ರಿದ್ದೇ ಅಲ್ದಾ? ಅದೂ ಯಂತ್ರ ಮಾಡಿದ್ದಲ್ಲ ಅಲ್ದಾ? ಅದೊಂದ್ ಹೇಳ್.’

ಎದುರಾಳಿ ಕೇಳಬಹುದಾದ ಅತ್ಯಂತ ಸರಿಯಾದ ಪ್ರಶ್ನೆ. ಪಾತ್ರಿಯ ಸ್ವರವೇ, ಅದರಲ್ಲಿ ಸಂಶಯವಿಲ್ಲ. ಆ ಸ್ವರದ ಹಿಂದೆ ಯಾರು ಎಂದು ಅವಳು ಕೇಳಿರಲಿಲ್ಲ. ನಾನೂ ಆ ಕಡೆಗೆ ಹೋಗಲಿಲ್ಲ. ‘ಹೌದ್ ದೊಡ್ಡಮ್ಮ’ ಎಂದಷ್ಟೇ ಮುದ್ರಿಸಿ, ಆ ಎರಡು ಮಾತನ್ನು ವಿಡಿಯೋ ಮಾಡಲು ಹಾಕಿದೆ. ಕಪ್ಪಿನೊಳಗೆ ಕಿತ್ತಳೆ ಎರಡು ಸಲ ಎದ್ದು ಮಲಗಿತು.

ಬೈಂದೂರಿನ ಸ್ಟೇಶನ್ನಿನಲ್ಲಿ ಅವಳು ರೈಲಿನಿಂದ ಇಳಿದಾಗ ನನಗೆ ಗುರುತು ಸಿಗಲಿಲ್ಲ. ನಾನು ನೋಡಿದ್ದ ಫೋಟೋಗಳಿಗಿಂತ ಗಿಡ್ಡ, ದಪ್ಪ ಚಷ್ಮಾ. ಅಮ್ಮ ಮಾತ್ರ ಪ್ಲಾಟ್‌ಫಾರ್ಮಿನ ಆಚೆ ತುದಿಯಿಂದಲೇ ಗುರುತು ಹಿಡಿದು ಓಡಿದಳು. ಇಬ್ಬರೂ ಒಬ್ಬರನ್ನೊಬ್ಬರು ತಬ್ಬಿಕೊಳ್ಳಲಿಲ್ಲ. ಅಮ್ಮ ಅವಳ ಬ್ಯಾಗಿಗೆ ಕೈ ಹಾಕಿದಳು, ಅವಳು ಬಿಡಲಿಲ್ಲ, ಬ್ಯಾಗನ್ನೇ ಎಳೆದಾಡುತ್ತ ಇಬ್ಬರೂ ಅತ್ತರು. ಆಮೇಲೆ ದೊಡ್ಡಮ್ಮ ನನ್ನ ಕೆನ್ನೆ ಹಿಡಿದು, ‘ಇಷ್ಟ್ ಸಪೂರ ಹೆಣ್ಣಿಂದು ಅಷ್ಟ್ ದೊಡ್ ಬೆಂಕಿಯಾ?’ ಎಂದಳು.

ದೈವದ ಮನೆಯ ಬಾಗಿಲಲ್ಲಿ ಗುರಿಕಾರರು ನಿಂತಿದ್ದರು. ಪಾತ್ರಿ ಒಳಗೆ ದೀಪ ಸರಿಮಾಡುತ್ತಿದ್ದರು. ಅಂದು ದರ್ಶನವಿಲ್ಲ, ಮೈಮೇಲೆ ಯಾರೂ ಇಲ್ಲ. ಗುರಿಕಾರರು ಕೇಳಲೇಬೇಕಾದ ಮಾತು ಕೇಳಿದರು.

‘ನುಡಿ ಕೇಂಡ್ಯಾ?’

ದೊಡ್ಡಮ್ಮ ಅವರ ಮುಖ ನೋಡುತ್ತ ನಿಂತಳು. ಅಮ್ಮ ನನ್ನನ್ನು ನೋಡಿದಳು. ಇಷ್ಟು ದೂರ ಬಂದು, ಅದೇ ಬಿಸಿಲಲ್ಲಿ, ಅದೇ ಹೊಸ್ತಿಲ ಈಚೆ ಉತ್ತರವಿಲ್ಲದೆ ನಿಂತುಬಿಡುತ್ತಾಳೋ ಎಂದು ನನ್ನ ಕಾಲು ಮುಂದಕ್ಕೆ ಹೋಯಿತು. ಗುರಿಕಾರರು ಎದೆ ತುಂಬ ಉಸಿರೆಳೆದು, ಕಡಲಿಗೆ ಕೂಗುವಂತೆ ಕೂಗಿದರು:

‘ಹ್ವಾಯ್, ನುಡಿ ಕೇಂಡ್ಯಾ?’

‘ಎಂತಕ್ ಕೂಗ್ತ್ರಿ?’ ಎಂದಳು ದೊಡ್ಡಮ್ಮ. ‘ಕೇಂಡಿದೆ. ಟೀವಿಯಗೆ ಕೇಂಡಿದೆ. ಬೆಂಕಿ ಸುಳ್ಳ್ ಅಂತಲೂ ಕೇಂಡಿದೆ.’

‘ಹಂಗಾರೆ ಬಾ ಮಗಾ, ಒಳ್ಗೆ ಬಾ.’

ಅವಳು ಚಪ್ಪಲಿ ಬಿಟ್ಟಳು. ಬ್ಯಾಗಿನಿಂದ ಕಾಗದದ ಪೊಟ್ಟಣ ತೆಗೆದಳು. ಅದರಲ್ಲಿ ಸೀರೆ ಇತ್ತು. ಮಡಿಕೆಗಳ ಉದ್ದಕ್ಕೂ ಬಣ್ಣ ಹೋಗಿತ್ತು. ಹೊಸ್ತಿಲ ಮೇಲೆ ಕಾಲಿಡುವ ಮೊದಲು ಹಿಂದಕ್ಕೆ ತಿರುಗಿ, ಫಲಕದ ಕೆಳಗೆ ಗೋಡೆಗೆ ಒರಗಿದ್ದ ನನ್ನನ್ನು ನೋಡಿದಳು.

‘ನೀ ಬಪ್ಪುದಿಲ್ಯಾ?’

ನನ್ನ ಹತ್ತಿರ ಕಾರಣಗಳಿದ್ದವು, ಒಳ್ಳೆಯ ಕಾರಣಗಳು. ನಂಬದೆ ಒಳಗೆ ಹೋಗುವುದು ನಿಮಗೂ ಅಗೌರವ, ದೈವಕ್ಕೂ ಅಗೌರವ ಎಂದು ಶುರುಮಾಡಿದೆ. ಒತ್ತಾಯದಿಂದ ಹೊರಗೆ ನಿಲ್ಲುವುದು ಬೇರೆ, ಒಪ್ಪಿ ನಿಲ್ಲುವುದು ಬೇರೆ ಎಂದೆ. ಅವಳು ನನ್ನ ಬಾಯಿ ಆಡುವುದನ್ನು ಸ್ವಲ್ಪ ಹೊತ್ತು ತಾಳ್ಮೆಯಿಂದ ನೋಡಿದಳು.

‘ಕೇಂತಿಲ್ಲ ಮಗಾ’ ಎಂದಳು. ‘ಟೀವಿಯಗೆ ಹಾಕ್, ಹೋದ್ಮೇಲ್ ಕಾಂತೆ. ಈಗ ಇದ್ ಹಿಡ್ಕ.’

ಬ್ಯಾಗನ್ನು ನನ್ನ ಕೈಗೆ ಕೊಟ್ಟು ಅವಳು ಒಳಗೆ ಹೋದಳು. ಬಿಸಿಲು ಅವಳ ಚಪ್ಪಲಿಯ ಮೇಲೆ ಬಂದಿತ್ತು. ಕಾಯುತ್ತದಲ್ಲ ಎಂದು ಅದನ್ನು ಕಾಲಿನಿಂದ ನೆರಳಿಗೆ ಸರಿಸಿದೆ, ಸರಿಯಾಗಲಿಲ್ಲ, ಬಗ್ಗಿ ಕೈಯಿಂದಲೇ ಎತ್ತಿಟ್ಟೆ.